ಮುಂದಿನ ಗಾಲಿಗೆ ಒಂದು ನಿಂಬೆಹಣ್ಣು

ನ್ಯಾಮತಿ,
ಸೋಮವಾರ

ಚಿ. ಮೇಘಶ್ರೀಗೆ,

ನಿನ್ನ ಸೋದರಮಾವ ಜಯದೇವಪ್ಪನ ಆಶೀರ್ವಾದಗಳು. 'ನಾವಿಲ್ಲಿ ಕ್ಷೇಮ, ನಿನ್ನ ಕ್ಷೇಮಕ್ಕೆ ಬರೆಯುತ್ತಿರು' ಎಂಬುದು ಕಾಗದದ ಮೊದಲ ಸಾಲಾಗಿರಬೇಕು ಅಂತ ನಮ್ಮ ಮೇಷ್ಟ್ರು ಬೆತ್ತ ಹಿಡಿದು ಕಲಿಸಿದ್ದರು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟರೂ ಕಾಗದ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಈ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಈ ಸಲ ಆ ಸಾಲು ಬರೆಯುವುದಿಲ್ಲ. ನಾನು ಕ್ಷೇಮವಾಗಿಲ್ಲ. ನಿನ್ನ ಕ್ಷೇಮ ಕೇಳಬೇಕಾದ್ದೂ ಇಲ್ಲ. ದಿನಾ ಬೆಳಿಗ್ಗೆ ನಮ್ಮ ಮೆಕ್ಕೆಜೋಳದ ಹೊಲದ ಮೇಲೆ ಗುರ್ ಅಂತ ಹಾದುಹೋಗುವ ಸದ್ದೇ ಅದನ್ನು ಹೇಳುತ್ತದೆ.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಅತ್ತುಬಿಟ್ಟರೆ ನನ್ನ ಸಿಟ್ಟು ಇಳಿದುಹೋಗುತ್ತದೆ. ಇಳಿಯಬಾರದು. ಅದಕ್ಕೇ ಕಾಗದ.

ನನ್ನ ಕೈಗುಣದ ಬಗ್ಗೆ ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ಸಂತೇಬೆನ್ನೂರಿಗೆ ಜೋಳ ಬಿಡಿಸುವ ಮಿಷನ್ ಬರಲಿ, ಕೆರೆಬಿಳಚಿಗೆ ಅಡಿಕೆ ಸುಲಿಯುವ ಮಿಷನ್ ಬರಲಿ, ಹೊನ್ನಾಳಿಯಲ್ಲಿ ಯಾರಾದರೂ ಟ್ರ್ಯಾಕ್ಟರ್ ತರಲಿ, ಜಯದೇವಪ್ಪ ಬಂದು ಗಾಲಿಗೆ ನಿಂಬೆಹಣ್ಣು ಇಟ್ಟು ಕಾಯಿ ಒಡೆಯುವ ತನಕ ಅದು ನಿಂತ ಜಾಗದಿಂದ ಅಲ್ಲಾಡುವುದಿಲ್ಲ. ಮಂತ್ರ ಯಾರದಾದರೂ ಇರಲಿ, ಕಾಯಿ ನನ್ನ ಕೈಯದೇ ಆಗಬೇಕು. ಜಗಳೂರಿನಲ್ಲಿ ನಾನು ಕಾಯಿ ಒಡೆದ ಬೋರ್‌ವೆಲ್ ಲಾರಿ ಮೊದಲನೇ ದಿನವೇ ಆಳೆತ್ತರ ನೀರು ಚಿಮ್ಮಿಸಿತು. ಎರಡನೇ ದಿನದ್ದು ಆ ನೆಲದ ಹಣೆಬರಹ, ನನ್ನದಲ್ಲ.

ಅಲ್ಲೆಲ್ಲ ತಟ್ಟೆ ಹಿಡಿದವಳು ನೀನು. ನಿಮ್ಮವ್ವ ಶಿವಲೀಲಾಳನ್ನು ಜಗಳೂರಿಗೆ ಕೊಟ್ಟಿದ್ದೆವು. ನೀನು ಓದಲೆಂದು ನಮ್ಮ ಮನೆಗೆ ಬಂದೆ. ನಮಗೆ ಮಕ್ಕಳಿಲ್ಲ ಎಂಬ ಮಾತನ್ನು ನೀನು ಬಂದ ಮೇಲೆ ಈ ಮನೆಯಲ್ಲಿ ಯಾರೂ ಆಡಲಿಲ್ಲ. ನನ್ನ ಟಿವಿಎಸ್‌ನಲ್ಲಿ ನನ್ನೆರಡು ಕೈಗಳ ನಡುವೆ ನಿಂತು, ಲಂಗದ ಮಡಿಲಿಗೆ ನಿಂಬೆಹಣ್ಣು ಕಟ್ಟಿಕೊಂಡು ಬರುತ್ತಿದ್ದೆ. ಗಾಲಿಗೊಂದು ಹಣ್ಣು, ಜೋಡಿ ಗಾಲಿಯಿದ್ದರೆ ಜೋಡಿಗೊಂದು. ಎಣಿಸಿ ಕೊಡುವುದು ನಿನ್ನ ಕೆಲಸ. ಕಾಯಿ ಒಡೆದ ಮೇಲೆ ನಾನು ಗಾಡಿಯ ಮೈಮೇಲೆ ಅಂಗೈ ಇಟ್ಟು, ಅದಕ್ಕಷ್ಟೇ ಕೇಳುವ ಹಾಗೆ ಒಂದು ಮಾತು ಹೇಳುತ್ತಿದ್ದೆ. ಊರವರು ಅದನ್ನು ಗುಪ್ತ ಮಂತ್ರ ಅಂದುಕೊಂಡಿದ್ದರು. ನಾನೂ ಅಲ್ಲ ಅನ್ನಲು ಹೋಗಲಿಲ್ಲ. ನೀನು ಮಾತ್ರ ಬಿಡಲಿಲ್ಲ. "ಮಾವಾ, ಏನಂತ ಹೇಳ್ತೀಯ ಅದಕ್ಕೆ? ನನಗೂ ಹೇಳು, ಇಲ್ಲಾಂದ್ರೆ ನಿಂಬೆಹಣ್ಣು ಕೊಡಾಕಿಲ್ಲ" ಅಂತ ಹಟ ಹಿಡಿದೆ. ಹೇಳಿಕೊಟ್ಟೆ.

"ಹೋದಂಗೇ ತಿರುಗಿ ಬಾರವ್ವ, ಯಾರ ನೆತ್ತರೂ ನೋಡಬ್ಯಾಡ."

ಅಷ್ಟೇ. ಯಾವ ಪುಸ್ತಕದಲ್ಲೂ ಇಲ್ಲ, ನಾನೇ ಕಟ್ಟಿದ್ದು. ನಿಮ್ಮತ್ತೆ ಕಸ್ತೂರಮ್ಮನಿಗೂ ಇವತ್ತಿನವರೆಗೆ ಹೇಳಿಲ್ಲ.

ಒಂದು ದಿನ ಚನ್ನಗಿರಿಯಿಂದ ಬರುವಾಗ ಆಕಾಶದಲ್ಲಿ ಬಿಳೀ ಗೆರೆ ಎಳೆಯುತ್ತಾ ಒಂದು ವಿಮಾನ ಹೋಗುತ್ತಿತ್ತು. "ಮಾವಾ, ಅದಕ್ಕೆ ಕಾಯಿ ಒಡೆದೋರು ಯಾರು?" ಅಂತ ನೀನು ಕೇಳಿದೆ. "ನನ್ನನ್ನೇ ಕರೆದಿದ್ರು ಕಣೇ, ನನಗೆ ಪುರುಸೊತ್ತಿರಲಿಲ್ಲ" ಅಂದೆ. ನಂಬಿದೆ ನೀನು. "ಹಂಗಾರೆ ನನ್ನ ವಿಮಾನಕ್ಕೆ ನೀನೇ ಒಡೀಬೇಕು. ಪುರುಸೊತ್ತಿಲ್ಲ ಅನ್ನಂಗಿಲ್ಲ" ಅಂತ ಮಾತು ತಗೊಂಡೆ. ನಾನು ಆಡಿದ ಸುಳ್ಳುಗಳೆಲ್ಲ ನನಗೇ ಮರೆತುಹೋಗಿವೆ. ನೀನು ತಗೊಂಡ ಆ ಮಾತು ಮರೆಯಲಿಲ್ಲ.

ಆಮೇಲೆ ನೀನು ಗಗನಸಖಿಯ ಕೋರ್ಸು ಮಾಡಿದೆ. ಬೆಳ್ಳಕ್ಕಿ ಏರ್ ಅಂತ ಹೊಸ ಕಂಪನಿ ಹುಟ್ಟಿತು. ಸ್ಲೀಪರ್ ಬಸ್ಸಿನ ರೇಟಿಗೆ ವಿಮಾನ ಹತ್ತಿಸುತ್ತಾರಂತೆ, ಬೆಂಗಳೂರಿನಿಂದ ಅಲ್ಲ, ನಮ್ಮ ಶಿವಮೊಗ್ಗದಿಂದಲೇ, ಬೆಳಗಾವಿಗೆ, ಹೈದರಾಬಾದಿಗೆ. ನಿನ್ನನ್ನು ಅದೇ ವಿಮಾನಕ್ಕೆ ಹಾಕಿದರು. ಆವತ್ತು ನೀನು ಮಾಡಿದ ಫೋನನ್ನು ನಾನು ಸಿದ್ದುವಿನ ಹೋಟೆಲಿನಲ್ಲಿ ಸ್ಪೀಕರ್ ಹಾಕಿ ಎಲ್ಲರಿಗೂ ಕೇಳಿಸಿದ್ದೆ. "ಮಾವಾ, ಮೊದಲನೇ ದಿನ ಪೂಜೆ ಐತೆ. ಕಾಯಿ ನೀನೇ ಒಡೀಬೇಕು, ನಿನ್ನ ಹೆಸರು ಹೇಳೀನಿ. ಬಿಳೀ ಪಂಚೆ ಉಟ್ಕಂಡು ಬಾ" ಅಂದಿದ್ದೆ. ಇದು ನಿನ್ನ ಬಾಯಿಂದಲೇ ಬಂದ ಮಾತು. ನಾನು ಸೇರಿಸಿದ್ದು ಒಂದಕ್ಷರವೂ ಇಲ್ಲ. ಬೇರೆ ಕಡೆ ಸೇರಿಸಿರಬಹುದು, ಇಲ್ಲಿ ಇಲ್ಲ.

ಬೋರಣ್ಣ ಗೊತ್ತಲ್ಲ, ಹಿಟ್ಟಿನ ಗಿರಣಿಯವನು. ಅವನು ಬಿಡುತ್ತಾನೆಯೇ? "ಜಯದೇವಪ್ಪ, ಆ ವಿಮಾನದ ರೆಕ್ಕೆಗೆ ಫ್ಯಾನು ಐತಂತಲ್ಲ, ಮ್ಯಾಲೆ ಹೋದಾಗ ಕರೆಂಟ್ ಹೋದ್ರೆ ಏನ್ ಮಾಡ್ತಾರೆ?" ಅಂದ. "ಯುಪಿಎಸ್ ಮಡಗವ್ರೆ ಸುಮ್ಕಿರಲೇ, ನಿನ್ನ ಗಿರಣಿ ಅಲ್ಲ ಅದು" ಅಂದೆ. ಹೋಟೆಲೆಲ್ಲ ನಕ್ಕಿತು. ಆ ವಾರವೆಲ್ಲ ನಾನು ನೆಲದ ಮೇಲೆ ನಡೆದೆನೋ ಇಲ್ಲವೋ ಗೊತ್ತಿಲ್ಲ.

ಪೂಜೆಯ ದಿನ ಒಂದು ಟ್ರ್ಯಾಕ್ಸ್ ಗಾಡಿ ತುಂಬ ಜನ ಬಂದೆವು, ಹೌದು. ಬೂದುಗುಂಬಳಕಾಯಿ ತಂದಿದ್ದೆವು, ಹೌದು. ಒಬ್ಬನೇ ಬಾ ಅಂತ ನೀನು ಹೇಳಿರಲಿಲ್ಲ. ವಿಮಾನ ನಿಲ್ದಾಣದ ಬಾಗಿಲ ಬಳಿ ಪೊಲೀಸಪ್ಪ ಮರ್ಯಾದೆಯಿಂದಲೇ, "ಒಳಗಿಂದ ನಿಮ್ಮ ಹೆಸರು ಬಂದಿಲ್ಲ ರೀ ಯಜಮಾನ್ರೇ" ಅಂದ. "ಬರ್ತದೆ ತಡೀರಿ, ನನ್ನ ಸೊಸೆನೇ ಬರ್ತಾಳೆ" ಅಂದೆ. ನೀನು ಬಂದೆ. ನೀಲಿ ಕೋಟು, ಎತ್ತಿ ಕಟ್ಟಿದ ತುರುಬು. ನಿನ್ನ ಪಕ್ಕದಲ್ಲಿ ಟೈ ಕಟ್ಟಿದ ಒಬ್ಬ ಆಫೀಸರು. ಅವನು ನನ್ನ ಕಡೆ, ಕುಂಬಳಕಾಯಿಯ ಕಡೆ ನೋಡಿ ಇಂಗ್ಲಿಷಿನಲ್ಲಿ ಏನೋ ಕೇಳಿದ. ನೀನು ಇಲ್ಲ ಅಂತ ತಲೆ ಆಡಿಸಿದೆ. ಆಮೇಲೆ ನನ್ನ ಕಣ್ಣು ಬಿಟ್ಟು ನನ್ನ ಹೆಗಲು ನೋಡುತ್ತಾ ಹೇಳಿದೆ: "ಸರ್, ಪ್ಲೀಸ್, ಸ್ವಲ್ಪ ಹಿಂದೆ ಸರಿದು ನಿಲ್ಲಿ."

ಸರ್.

ಅದೇ ಹೆಗಲ ಮೇಲೆ ಕೂತು ನೀನು ನ್ಯಾಮತಿ ಸಂತೆ ನೋಡಿದ್ದೆ ಮೇಘಾ.

ಹಿಂದಿನಿಂದ ಬೋರಣ್ಣ, "ಏನ್ ಸರ್, ಟೀ ಕುಡಿಯಾಕೆ ಹೋಗಾನಾ ಸರ್?" ಅಂದ. ಆಗಲೂ ನಾನು ನಿನ್ನನ್ನು ಬಿಟ್ಟುಕೊಡಲಿಲ್ಲ. "ಡ್ಯೂಟಿ ಮೇಲಿದ್ದಾಗ ಹೆತ್ತಪ್ಪನಿಗೂ ಸರ್ ಅನ್ನಬೇಕಂತೆ, ಅದು ವಿಮಾನದ ರೂಲು" ಅಂತ ಎದೆಯುಬ್ಬಿಸಿ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ಹೇಳಿದ ಸುಳ್ಳು ಇನ್ನೊಂದಿಲ್ಲ. ಬೇಲಿಯಾಚೆಯಿಂದ ನಿನ್ನ ವಿಮಾನ ಏಳುವುದನ್ನು ನೋಡಿದೆವು. ಚೆನ್ನಾಗಿ ಎದ್ದಿತು. ಚಪ್ಪಾಳೆ ಮೊದಲು ಹೊಡೆದವನು ನಾನೇ.

ಇಷ್ಟಕ್ಕೇ ಮುಗಿದಿದ್ದರೆ ಈ ಕಾಗದ ಬರುತ್ತಿರಲಿಲ್ಲ. ಕೂಸು ಕಂಪನಿಯವರ ಎದುರು ಹೆದರಿದೆ, ಹೊಸ ಕೆಲಸ ಅಂತ ನನಗೆ ನಾನೇ ಹೇಳಿಕೊಂಡು ಮಲಗುತ್ತಿದ್ದೆ. ಆದರೆ ಸಂಜೆ ಸಿದ್ದುವಿನ ಹೋಟೆಲಿನಲ್ಲಿ ಯಾರೋ ಮೊಬೈಲ್ ಹಿಡಿದು, "ನೋಡ್ರಿ, ನಿಮ್ಮ ಮೇಘಶ್ರೀ ಟಿವೀಲಿ ಬಂದವ್ಳೆ" ಅಂತ ತೋರಿಸಿದರು. ಕಾಯಿ ಒಡೆದವಳು ನೀನೇ. ಒಂದೇ ಏಟಿಗೆ, ಸಮನಾಗಿ ಎರಡು ಹೋಳು. ನಾನು ಉಸಿರು ಹಿಡಿದು ನೋಡಿದೆ. ನೀನು ಹಿಂದಿನ ಗಾಲಿಗಳಿಗೆ ನಿಂಬೆಹಣ್ಣು ಇಟ್ಟೆ. ಕೊನೆಗೆ ವಿಮಾನದ ಹೊಟ್ಟೆಯ ಮೇಲೆ ಅಂಗೈ ಇಟ್ಟೆ. ನಿನ್ನ ತುಟಿ ಅಲ್ಲಾಡಿತು. ಸದ್ದು ಕೇಳಿಸಲಿಲ್ಲ, ನನಗೆ ಕೇಳಬೇಕಾಗಿಯೂ ಇರಲಿಲ್ಲ. "ನನ್ನ ಮಾತು! ನನ್ನ ಮಾತು ಹೇಳ್ತಾ ಐತೆ ನೋಡ್ರಲೇ!" ಅಂತ ಕೂಗಿಬಿಟ್ಟೆ.

ಆಗ ಟಿವಿಯವರು ಕೇಳಿದರು, "ಇಷ್ಟು ಶಾಸ್ತ್ರೋಕ್ತವಾಗಿ ಯಾರಿಂದ ಕಲಿತ್ರಿ ಮೇಡಂ?"

ನೀನು ನಕ್ಕೆ. "ಯಾರಿಂದಾನೂ ಇಲ್ಲ. ಸುಮ್ನೆ ಯೂಟ್ಯೂಬಲ್ಲಿ ನೋಡಿ ಕಲ್ತಿದ್ದು" ಅಂದೆ.

ಹೋಟೆಲಿನಲ್ಲಿ ಯಾರೂ ನಗಲಿಲ್ಲ. ಬೋರಣ್ಣ ಕೂಡ. ಅವನು ತನ್ನ ಬೋಂಡದ ತಟ್ಟೆಯನ್ನು ನನ್ನ ಕಡೆ ತಳ್ಳಿ, "ತಿನ್ನು ಮಾರಾಯ" ಅಂದ. ಅವನ ಗೇಲಿಯನ್ನು ಇಪ್ಪತ್ತು ವರ್ಷ ತಡೆದುಕೊಂಡವನು ನಾನು, ಅವನ ಕರುಣೆ ತಡೆಯಲಾಗಲಿಲ್ಲ. ಎದ್ದು ಬಂದೆ.

ನಿಮ್ಮತ್ತೆ ನಿನ್ನ ಪರ. "ದೊಡ್ಡೋರ ಮುಂದೆ ಬಾಯಿ ತಪ್ಪೈತೆ, ಬಿಡ್ರಿ ಅತ್ಲಾಗೆ" ಅನ್ನುತ್ತಾಳೆ. ಬಾಯಿ ತಪ್ಪಿದವರು ತಡವರಿಸುತ್ತಾರೆ ಮೇಘಾ. ನೀನು ತಡವರಿಸಲಿಲ್ಲ. ಬಾಗಿಲಲ್ಲಿ ನನ್ನನ್ನು ಕಂಡು ನಾಚಿಕೆಪಟ್ಟದ್ದು ಕಣ್ಣಿಗೆ ಬಿದ್ದ ಮಾತು, ಅದನ್ನು ನುಂಗಿಕೊಂಡೆ. ನಾನು ಎದುರಿಗೆ ಇಲ್ಲದಾಗಲೂ ನನ್ನನ್ನು ಅಳಿಸಿದೆಯಲ್ಲ, ಅದು ಗಂಟಲಲ್ಲಿ ಇಳಿಯುತ್ತಿಲ್ಲ. ಹೆಸರು ಹೇಳುವುದು ಬೇಡ, 'ನಮ್ಮ ಮಾವ' ಅಂದಿದ್ದರೆ ಸಾಕಿತ್ತು. ಎರಡೇ ಶಬ್ದ. ಯೂಟ್ಯೂಬ್ ಅನ್ನುವುದಕ್ಕಿಂತ ಸುಲಭ.

ಮೊನ್ನೆ ಸಂತೇಬೆನ್ನೂರಿನ ಪ್ರಸನ್ನಕುಮಾರ್ ಹೊಸ ಟ್ರ್ಯಾಕ್ಟರಿಗೆ ಕರೆದಿದ್ದ. ಹೋದೆ. ಕಾಯಿ ಒಡೆದೆ. ಬಾನೆಟ್ ಮೇಲೆ ಅಂಗೈ ಇಟ್ಟೆ, ಮಾತು ಬರಲಿಲ್ಲ. ನಾನೇ ಕಟ್ಟಿದ ಮಾತು, ಬೇರೆ ಯಾರದ್ದೋ ಅನ್ನಿಸಿಬಿಟ್ಟಿತು. ಸುಮ್ಮನೆ ತುಟಿ ಅಲ್ಲಾಡಿಸಿ ಬಂದೆ. ಆ ಹುಡುಗನ ಟ್ರ್ಯಾಕ್ಟರ್ ದಿನಾ ಕೆನಾಲ್ ಏರಿಯ ಮೇಲೆ ಓಡಾಡುತ್ತದೆ. ನನಗೆ ನಿದ್ದೆ ಇಲ್ಲ.

ಅತ್ತೆಗೆ ಫೋನ್ ಮಾಡಿ, ಮಾವನಿಗೆ ಟಿಕೆಟ್ ಕಳಿಸುತ್ತೇನೆ, ಹೈದರಾಬಾದು ತೋರಿಸುತ್ತೇನೆ ಅಂದೆಯಂತೆ. ಬೇಡ. ನಾನು ಅದರ ಹೊಟ್ಟೆಯೊಳಗೆ ಕೂರಬೇಕು ಅಂತ ಯಾವತ್ತೂ ಆಸೆಪಟ್ಟವನಲ್ಲ. ಅದರ ಗಾಲಿಯ ಹತ್ತಿರ ನಿಲ್ಲಬೇಕು ಅಂತಿದ್ದೆ. ಆ ಜಾಗಕ್ಕೆ ಟಿಕೆಟ್ ಇಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಆ ವಿಡಿಯೋವನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ನಿನ್ನ ಮುಖ ನೋಡಲು ಅಲ್ಲ, ಗಾಲಿ ನೋಡಲು. ವಿಮಾನಕ್ಕೆ ಮೂರು ಜೋಡಿ ಗಾಲಿ ಇದೆ ಮೇಘಾ, ಹಿಂದೆ ಎರಡು, ಮೂತಿಯ ಕೆಳಗೆ ಒಂದು. ನೀನು ಇಟ್ಟದ್ದು ಎರಡೇ ಹಣ್ಣು. ಮುಂದಿನದು ಬರಿದೇ ಉರುಳಿಕೊಂಡು ಹೋಯಿತು. ಎಣಿಸುವುದು ನಿನ್ನ ಕೆಲಸವಾಗಿತ್ತಲ್ಲೇ. ಮೊನ್ನೆ ನಿನ್ನ ವಿಮಾನ ಹೊತ್ತಿಗೆ ಸರಿಯಾಗಿ ಹೊಲದ ಮೇಲೆ ಬರಲಿಲ್ಲ. ಬಿಸಿಲೇರಿದ ಮೇಲೆ ಆ ಸದ್ದು ಕೇಳುವ ತನಕ ನಾನು ಬುತ್ತಿ ಬಿಚ್ಚಲಿಲ್ಲ. ತಲೆ ಎತ್ತಿ ನೋಡಲೂ ಇಲ್ಲ, ಅದು ಬೇರೆ ಮಾತು.

ಸಿದ್ದು ಶಿವಮೊಗ್ಗಕ್ಕೆ ಹೋಟೆಲಿನ ಸಾಮಾನು ತರಲು ಬರುತ್ತಾನೆ. ಈ ಕಾಗದದ ಜೊತೆ ಅವನ ಕೈಯಲ್ಲಿ ಹಿತ್ತಲ ಗಿಡದ ಒಂದು ನಿಂಬೆಹಣ್ಣು ಕಳಿಸಿದ್ದೇನೆ. ಕ್ಷಮಿಸಿದೆ ಅಂತ ತಿಳಿಯಬೇಡ. ಅದನ್ನು ಮುಂದಿನ ಗಾಲಿಗೆ ಇಡು. ಯಾರಾದರೂ ಕಂಡು, ಇದೇನು ಮೇಡಂ, ಯಾರು ಹೇಳಿಕೊಟ್ಟರು ಅಂತ ಕೇಳಿದರೆ, ಯೂಟ್ಯೂಬಿನಲ್ಲಿ ನೋಡಿದೆ ಅನ್ನು. ಒಮ್ಮೆ ಹೇಳಿ ಅಭ್ಯಾಸ ಆಗಿದೆಯಲ್ಲ.

ಟ್ರ್ಯಾಕ್ಟರಿನ ಮುಂದೆ ಬಾರದ ಮಾತು ಇಲ್ಲಿ ಬರುತ್ತದೋ ನೋಡೋಣ.

ಹೋದಂಗೇ ತಿರುಗಿ ಬಾರವ್ವ.

ಇಂತಿ ನಿನ್ನ ಸರ್,
ಜಯದೇವಪ್ಪ