ಸಾವಿನ ಮನೆಗೆ ರೊಟ್ಟಿ ಒಯ್ದವಳು ಪರಾರಿಯಾದಳೇ?

ಮಾನ್ಯ ಕಾರಾಗೃಹ ಅಧೀಕ್ಷಕರೇ,

ನಿಮ್ಮ ಸಹಿಯಿರುವ ಆದೇಶವೊಂದು ಕಾವೇರಿ ಎಂಬ ಬಂದಿಯನ್ನು ‘ಕೆಲಸದ ಸ್ಥಳದಿಂದ ಪರಾರಿಯಾದವಳು’ ಎಂದು ಕರೆದಿದೆ. ಹಗಲು ಹೊರಗೆ ದುಡಿದು ಸಂಜೆ ಜೈಲಿಗೆ ಮರಳಲು ಅವಳಿಗಿದ್ದ ಅನುಮತಿ ಅದರಿಂದ ರದ್ದಾಗಿದೆ. ಬರುವ ತಿಂಗಳು ಬಿಡುಗಡೆ ಸಮಿತಿಯ ಮುಂದೆ ಹೋಗಬೇಕಿದ್ದ ಅವಳ ಕಡತದ ಮೇಲೂ ಈಗ ಆ ಮಾತು ಕೂತಿದೆ. ಪರಾರಿಯಾದವಳನ್ನು ಯಾವ ಸಮಿತಿ ಬಿಡುಗಡೆ ಮಾಡುತ್ತದೆ? ಮಾನ್ಯರೇ, ಅವಳು ‘ಪರಾರಿ’ಯಾಗಿದ್ದ ಹೊತ್ತಿನಲ್ಲಿ ನಾನು ಅವಳ ಪಕ್ಕದಲ್ಲೇ ಇದ್ದೆ. ಅವಳು ಹೋಗಿದ್ದು ನಾಲ್ಕು ಬಾಗಿಲು ಆಚೆಗೆ, ಸಾವಾದ ಮನೆಗೆ, ರೊಟ್ಟಿಯ ಬುಟ್ಟಿ ಹೊತ್ತುಕೊಂಡು.

ಮರ್ಫಿ ಟೌನಿನ ಒಂದು ಓಣಿಯಲ್ಲಿ ಜಟ್ಟೆಮ್ಮನವರ ಜೋಳದ ರೊಟ್ಟಿ ಅಂಗಡಿಯಿದೆ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು ಬಾಡಿಗೆ ಕೋಣೆಗಳಲ್ಲಿ ನೆಲೆಸಿದ ಸಂಸಾರಗಳಿಗೂ, ಸರ್ವಜ್ಞನಗರದಿಂದ ನಡೆದು ಹೋಗುವ ನನ್ನಂಥವರಿಗೂ ರೊಟ್ಟಿ ಅಲ್ಲಿಂದಲೇ. ನಿಮ್ಮ ಯೋಜನೆಯಡಿ ಬಂದಿಯೊಬ್ಬಳನ್ನು ಕೆಲಸಕ್ಕೆ ತೆಗೆದುಕೊಳ್ಳಿ ಎಂದು ನೀವು ಕೇಳಿದಾಗ ಆ ಭಾಗದಲ್ಲಿ ಹೂಂ ಅಂದವರು ಅವರೊಬ್ಬರೇ. ಉದ್ಘಾಟನೆಗೆ ನೀವೇ ಬಂದಿದ್ದಿರಿ. ಫ್ಲೆಕ್ಸ್ ಓಣಿಗಿಂತ ಅಗಲವಾಗಿದ್ದರಿಂದ ಅದನ್ನು ಮಡಚಿ ಕಟ್ಟಿದ್ದರು. ಘೋಷಣೆ ಅರ್ಧ ಹಿಂದಕ್ಕೆ ಹೋಗಿ ನಿಮ್ಮ ಭಾವಚಿತ್ರ ಮಾತ್ರ ಪೂರ್ತಿ ಕಾಣುತ್ತಿತ್ತು. ಬಿಸಿ ರೊಟ್ಟಿ, ಎಣಗಾಯಿ ಉಂಡು, ‘ಬಂದಿಗಳನ್ನು ಜನ ತಮ್ಮವರೆಂದು ಕಾಣಬೇಕು’ ಎಂದು ಭಾಷಣ ಮಾಡಿದಿರಿ. ಓಣಿಯವರು ಅದನ್ನು ನಿಜವೆಂದು ನಂಬಿಬಿಟ್ಟರು. ತಪ್ಪಾಗಿದ್ದು ಅಲ್ಲೇ.

ಕಾವೇರಿ ನಿರಪರಾಧಿ ಎಂದು ನಾನು ವಾದಿಸುತ್ತಿಲ್ಲ. ಜಗಳವೊಂದರಲ್ಲಿ ಮೈದುನನನ್ನು ಕೊಂದವಳು ಅವಳು. ಅದನ್ನು ಅವಳು ಅಲ್ಲಗಳೆದೂ ಇಲ್ಲ. ಶಿಕ್ಷೆಯ ಬಹುಪಾಲನ್ನು ಕಳೆದ ಮೇಲೆಯೇ ನೀವು ಅವಳನ್ನು ಹೊರಗೆ ಕಳಿಸಿದ್ದು. ಮೊದಮೊದಲು ಗಿರಾಕಿಗಳಿಗೆ ಬೆನ್ನು ಮಾಡಿ ಕೂತು ರೊಟ್ಟಿ ಬಡಿಯುತ್ತಿದ್ದಳು. “ಈ ಕಡಿ ತಿರಗವ್ವ ತಾಯಿ, ನಿನ್ನ ಬೆನ್ನು ನೋಡ್ಲಾಕ ಯಾರೂ ರೊಟ್ಟಿಗಿ ಬರಂಗಿಲ್ಲ” ಎಂದು ಜಟ್ಟೆಮ್ಮ ಗದರಿದ ಮೇಲೆ ತಿರುಗಿ ಕೂತಳು.

ಹೋದ ತಿಂಗಳು ಆ ಓಣಿಯ ಮುತ್ತಣ್ಣನ ತಾಯಿ ತೀರಿಕೊಂಡರು. ಅವರ ಸೀಮೆಯಲ್ಲಿ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ರೊಟ್ಟಿ, ಪಲ್ಯ ಒಯ್ದು, ಒಲ್ಲೆವೆಂದರೂ ಕೂರಿಸಿ ಉಣ್ಣಿಸುತ್ತಾರೆ. ಜಟ್ಟೆಮ್ಮ ವ್ಯಾಪಾರ ನಿಲ್ಲಿಸಿ, ಬಡಿದ ರೊಟ್ಟಿಯನ್ನೆಲ್ಲ ಬುಟ್ಟಿಗೆ ತುಂಬಿಸಿ ಅಂಗಡಿಗೆ ಬೀಗ ಹಾಕಿದರು. ರೊಟ್ಟಿಗೆಂದು ಹೋಗಿದ್ದ ನನ್ನ ಕೈಗೂ ಪಲ್ಯದ ಪಾತ್ರೆ ಬಂತು. ನಿಮ್ಮ ಕಚೇರಿಗೆ ಫೋನ್ ಮಾಡಿ ಅಪ್ಪಣೆ ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಓಣಿಯಲ್ಲಿ ಸಾವಾದಾಗ ನಿಮಗೆ ಹೊಳೆಯುತ್ತಿತ್ತೇ?

ಗಂಡಸರು ಕಲ್ಪಳ್ಳಿ ಸ್ಮಶಾನದಲ್ಲಿ ಮಣ್ಣು ಮಾಡಿ ಆಗ ತಾನೇ ಮರಳಿದ್ದರು. ನಾವೆಲ್ಲ ಒಳಗೆ ಹೋದೆವು. ಕಾವೇರಿ ಹೊಸ್ತಿಲಾಚೆಯೇ ನಿಂತಳು.

“ನೀವು ಒಯ್ರಿ ಅಕ್ಕಾರ. ನನ್ನ ಕೈಲಿ ಒಂದು ಜೀವ ಹೋಗ್ಯಾದ. ನಾ ಹ್ಯಾಂಗ ಈ ಮನಿಯಾಗ ಕಾಲಿಡ್ಲಿ?”

ಗೋಡೆಗೊರಗಿ ಕೂತಿದ್ದ ಮುತ್ತಣ್ಣ ಎದ್ದು ಬಾಗಿಲಿಗೆ ಬಂದ. “ನಮ್ಮವ್ವ ಕಡೀಕ ಉಂಡದ್ದು ನೀ ಬಡದ ರೊಟ್ಟೀನೇ, ಹಾಲಾಗ ನೆನಸಿ ಉಂಡಾಳ. ಒಳಗ ಬಾ ಯಕ್ಕಾ, ಹಸದೀವಿ.”

ಅವಳು ಒಳಗೆ ಬಂದಳು. ಅವನ ಎದುರು ಕೂತು ರೊಟ್ಟಿ ಮುರಿದು ಕೈಗಿಟ್ಟಳು. ಬಂದಿಯೊಬ್ಬಳು ಸಮಾಜಕ್ಕೆ ಮರಳುವುದೆಂದರೆ ಇದಲ್ಲದೆ ಇನ್ನೇನು, ಅಧೀಕ್ಷಕರೇ? ರೊಟ್ಟಿ ಬಡಿಯುವುದಷ್ಟೇ ಗುರಿಯಾಗಿದ್ದರೆ ನಿಮ್ಮ ಜೈಲಿನ ಅಡುಗೆಮನೆಯೇ ಸಾಕಿತ್ತಲ್ಲ?

ಅದೇ ಹೊತ್ತಿಗೆ ನಿಮ್ಮ ತಪಾಸಣೆ ಸಿಬ್ಬಂದಿ ಬಂದರು. ಬೀಗ ಹಾಕಿದ ಅಂಗಡಿಯ ಫೋಟೋ ತೆಗೆದು ಮೊಬೈಲಿನಲ್ಲೇ ಕಳಿಸಿಬಿಟ್ಟರು. ಬೈಕಿನ ಸದ್ದು ಕೇಳಿ ಕಾವೇರಿ ಎಂಜಲು ಕೈಯನ್ನೂ ತೊಳೆಯದೆ ಓಡಿದಳು.

“ಇಲ್ಲೇ ಅದೀನ್ರಿ ಸಾಹೇಬ್ರ!”

“ಅಯ್ಯೋ, ಅಪ್‌ಲೋಡ್ ಆಗೋಯ್ತಲ್ಲಮ್ಮ! ಸ್ವಲ್ಪ ಮುಂಚೆ ಬರಬಾರ್ದಿತ್ತಾ?”

“ನಿಮ್ಮ ಕಣ್ಣೆದುರಿಗೇ ಇದಾಳಲ್ರೀ, ಇನ್ನೊಂದು ಫೋಟೋ ತೆಗೀರಿ” ಅಂದೆ.

“ದಿನಕ್ಕೆ ಒಂದೇ ತಗೊಳ್ಳೋದು ಮೇಡಂ, ಆ್ಯಪು. ನಾನೇನ್ ಮಾಡ್ಲಿ?”

ಹಿಡಿಯಲು ಬಂದವರ ಕಡೆಗೇ ಓಡಿ ಬಂದ ಪರಾರಿಯನ್ನು ನಿಮ್ಮ ಇಲಾಖೆ ಬೇರೆಲ್ಲಾದರೂ ಕಂಡಿದೆಯೇ? ಆ ಸಂಜೆ ಅವಳು ಎಂದಿನ ಹೊತ್ತಿಗೆ ಜೈಲಿಗೆ ಮರಳಿದಳು. ಮಾರನೆಯ ದಿನದಿಂದ ಬರಲಿಲ್ಲ.

ನಾನೂ ಜಟ್ಟೆಮ್ಮನೂ ನಿಮ್ಮ ಕಚೇರಿಗೆ ಬಂದೆವು. ನೀವು ಸಭೆಯಲ್ಲಿದ್ದಿರಿ. ನಿಮ್ಮ ಗುಮಾಸ್ತರು ತಲೆ ಎತ್ತದೆ ಕೇಳಿದರು: “ಸತ್ತೋರು ಬಂದಿಗೆ ಏನಾಗ್ಬೇಕು? ರಕ್ತಸಂಬಂಧ ಇದ್ರೆ ಅರ್ಜಿ ಕೊಡಿ, ಇಲ್ಲಾಂದ್ರೆ ಟೈಮ್ ವೇಸ್ಟು.”

“ಓಣಿ ಮಂದಿ ಸತ್ರ ರಕ್ತ ಯಾರ್ ಕೇಳ್ತಾರ್ರೀ?” ಅಂದರು ಜಟ್ಟೆಮ್ಮ. “ನಿಮ್ಮ ಬಾಜೂ ಮನಿಯಾಗ ಯಾರರೆ ಸತ್ರ ನೀವು ಅರ್ಜಿ ಕೊಟ್ಟು ಹೋಗ್ತೀರೇನು?”

ಗುಮಾಸ್ತರಿಗೆ ಸಿಟ್ಟು ಬಂತು. ನಮ್ಮನ್ನು ಹೊರಗೆ ಕಳಿಸಿದರು.

ನಿಜವಾಗಿಯೂ ಓಡಿಹೋಗಿದ್ದರೆ ಯಾರು ಹೊಣೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಸತ್ತ ಮೈದುನನ ಮನೆಯವರೂ ಅದನ್ನೇ ಕೇಳುತ್ತಾರೆ, ಅವರ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಅದಕ್ಕೇ ತಪಾಸಣೆ ಬೇಕು. ಆದರೆ ತಪಾಸಣೆ ಎಂದರೆ ಬೀಗವನ್ನು ನೋಡುವುದೇ, ಮನುಷ್ಯರನ್ನು ನೋಡುವುದೇ? ಹಲಸೂರಿನ ಮೆಟ್ರೋ, ಶಿವಾಜಿನಗರದ ಬಸ್ಸು, ಎಲ್ಲವೂ ಅವಳ ಕಾಲಳತೆಯಲ್ಲಿದ್ದವು. ಓಡುವ ಮನಸ್ಸಿದ್ದವಳು ದಿನವೂ ಕೆಂಡದ ಮುಂದೆ ಕೂರಬೇಕಿತ್ತೇ? ಬೀಗ ಕಂಡವರು ಪಕ್ಕದ ಮನೆಯಲ್ಲಿ ಒಂದು ಮಾತು ಕೇಳಿದ್ದರೂ ಸಾಕಿತ್ತು, ಇಡೀ ಓಣಿ ಬೆರಳು ಮಾಡಿ ತೋರಿಸುತ್ತಿತ್ತು.

ನನ್ನನ್ನು ಈ ಪತ್ರ ಬರೆಯಲು ಕೂರಿಸಿದ್ದು ನಿಮ್ಮ ಆದೇಶಕ್ಕಿಂತ ಹೆಚ್ಚಾಗಿ ಕಾವೇರಿಯ ಮಾತು. ಮೊನ್ನೆ ಜೈಲಿನ ಭೇಟಿಯಲ್ಲಿ ಅವಳು ಜಟ್ಟೆಮ್ಮನ ಕೈಹಿಡಿದು ಹೇಳಿದಳಂತೆ: “ಇನ್ನೊಮ್ಮೆ ಬಿಟ್ರ ಯಾರ ಮನಿಗೂ ಹೋಗಂಗಿಲ್ಲ ಯಕ್ಕಾ, ದೇವ್ರಾಣಿ. ಯಾರು ಸತ್ರೂ ತಲಿ ಎತ್ತಂಗಿಲ್ಲ.” ಅಭಿನಂದನೆಗಳು, ಅಧೀಕ್ಷಕರೇ. ಇಷ್ಟು ವರ್ಷದ ಸೆರೆಮನೆ ಕಲಿಸದ ಕಲ್ಲುತನವನ್ನು ನಿಮ್ಮ ಸುಧಾರಣಾ ಯೋಜನೆ ಒಂದೇ ಆದೇಶದಲ್ಲಿ ಕಲಿಸಿದೆ.

ಸಮಿತಿ ಸೇರುವ ಮೊದಲು ಆ ಆದೇಶವನ್ನು ಹಿಂಪಡೆಯಿರಿ. ಕಡತದಿಂದ ‘ಪರಾರಿ’ಯನ್ನು ತೆಗೆದು, ನಡೆದದ್ದನ್ನು ನಡೆದಂತೆ ಬರೆಯಿರಿ, ಸಾಕ್ಷಿ ಹೇಳಲು ಜಟ್ಟೆಮ್ಮ, ಮುತ್ತಣ್ಣ, ನಾನು ಮೂವರೂ ಬರುತ್ತೇವೆ. ಅವಳನ್ನು ಅಂಗಡಿಗೆ ಮರಳಿ ಕಳಿಸಿ. ಮತ್ತು ಅವಳು ಹೊರಡುವ ದಿನ ನೀವೇ ಗೇಟಿನವರೆಗೆ ಬಂದು, ನೆರೆಯವರ ಕಷ್ಟಕ್ಕೆ ಹೋಗುವುದು ಅಪರಾಧವಲ್ಲ ಎಂದು ನಿಮ್ಮ ಬಾಯಿಂದಲೇ ಅವಳಿಗೆ ಹೇಳಿ. ನಾವು ಹೇಳಿದರೆ ಅವಳು ಈಗ ನಂಬುವುದಿಲ್ಲ.

ಇಂತಿ,
ಅದೇ ಮನೆಯಲ್ಲಿ ಕೂತಿದ್ದೂ ಯಾವ ಆದೇಶಕ್ಕೂ ಸಿಗದ,
ರೇವತಿ
ಸರ್ವಜ್ಞನಗರ