ಮಾಯಾದೇವಿಯ ಉಡಿ

ಉದಗೀರ,
೧೨ ಡಿಸೆಂಬರ್ ೨೦೨೪, ಗುರುವಾರ

ಪ್ರೀತಿಯ ಅವ್ವಾ, ನಿನ್ನ ಶುಭಾಂಗಿಯ ಶರಣು ಶರಣಾರ್ಥಿ.

ನಿನ್ನ ಮೊಣಕಾಲು ಹೇಗಿದೆ? ಚಳಿ ಜೋರಾಗಿದೆ, ನಸುಕಿನಲ್ಲಿ ತಣ್ಣೀರಿನಿಂದ ಭಾಂಡೆ ತಿಕ್ಕಬೇಡ ಎಂದರೆ ನೀನು ಕೇಳುವವಳಲ್ಲ, ಆದರೂ ಹೇಳುತ್ತೇನೆ. ತ್ರಿವೇಣಿ ಅಕ್ಕ ನಿಲಂಗಾದಿಂದ ಫೋನ್ ಮಾಡಿದ್ದಳು. ತನ್ನ ಕುಬಸಕ್ಕೆ ಬರುವಷ್ಟರಲ್ಲಿ ನಿನ್ನ ಹುಣಸೆ ತೊಕ್ಕು ತಯಾರಿರಬೇಕಂತೆ, ಬಸುರಿಯ ಹುಕುಂ. ನಾನು ಫೋನ್ ಬಿಟ್ಟು ಕಾಗದ ಬರೆದೆನೆಂದು ಗಾಬರಿಯಾಗಬೇಡ. ಫೋನ್ ಮಾಡಿದರೆ ಮಾಣಿಕಪ್ಪ ಕಾಕಾ ಸ್ಪೀಕರ್ ಹಾಕಿ ನಮ್ಮ ಮಾತನ್ನು ಇಡೀ ಪಡಸಾಲೆಗೆ ಕೇಳಿಸುತ್ತಾರೆ. ಔರಾದದ ಆ ಮನೆಯಲ್ಲಿ ಎಲ್ಲರೂ ಕನ್ನಡ ಆಡುತ್ತಾರೆ, ಆದರೆ ಎಲ್ಲರದೂ ಮರಾಠಿ ಶಾಲೆ. ಕನ್ನಡ ಓದಲು ಬರುವುದು ಭಾಲ್ಕಿಯಿಂದ ಸೊಸೆಯಾಗಿ ಬಂದ ನಿನಗೆ, ನೀನು ಕಿವಿ ಹಿಂಡಿ ಕಲಿಸಿದ್ದರಿಂದ ನನಗೆ. ಅಕ್ಷರ ತಿದ್ದಲು ಕರೆದರೆ ಅಕ್ಕ ಓಡಿಹೋಗುತ್ತಿದ್ದಳಲ್ಲ! ಹಾಗಾಗಿ ಇದನ್ನು ಅಂಗಳದಲ್ಲೇ ಕೂತು ಧೈರ್ಯವಾಗಿ ಓದು.

ನಾನು ಪರದೇಶ ನೋಡಿ ಬಂದೆ ಅವ್ವಾ. ಒಂದೇ ದಿನವಾದರೂ ಪರದೇಶ ಪರದೇಶವೇ. ಗೋರಖಪುರದ ತನಕ ರೈಲು, ಅಲ್ಲಿಂದ ಕಾಲೇಜಿನವರು ಗೊತ್ತು ಮಾಡಿದ ಬಸ್ಸು. ಗಡಿಯಲ್ಲಿ ಒಂದು ದೊಡ್ಡ ಕಮಾನು, ಅದನ್ನು ದಾಟಿದರೆ ನೇಪಾಳ, ನಾವು ಹೊರಟಿದ್ದ ಲುಂಬಿನಿ ಅಲ್ಲೇ. ದಾಟಿದ ಸ್ವಲ್ಪ ಹೊತ್ತಿಗೆ ಎಲ್ಲರ ಫೋನೂ ಸತ್ತವು. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಕಾಲು ತಾಸು ಮುಂದೆ. ಉಮಾಕಾಂತ ಸರ್ ತಮ್ಮ ಗಡಿಯಾರ ತಿದ್ದಿಕೊಂಡರು, ನಮಗೆ ಹೇಳುವುದನ್ನು ಮರೆತರು, ಸಂಜೆಯವರೆಗೂ ತಡವಾಯಿತೆಂದು ನಮ್ಮನ್ನೇ ಬೈದರು. ಗುಡಿಯ ಹೊರಗೆ ಬಿಟ್ಟ ನಮ್ಮೂರ ಮೀನಲಳ ಹೊಸ ಚಪ್ಪಲಿಯನ್ನು ಯಾರೋ ಮೆಟ್ಟಿಕೊಂಡು ಹೋದರು, ಪಾಪ, ಡ್ರೈವರಣ್ಣನ ದೊಡ್ಡ ರಬ್ಬರ್ ಚಪ್ಪಲಿಯಲ್ಲಿ ದಿನವಿಡೀ ಪಟಪಟ ಎನಿಸುತ್ತ ತಿರುಗಿದಳು. ನಮ್ಮ ಕ್ಲಾಸಿನ ಭರತನಂತೂ ಮರಾಠಿ ಮಾತು ಕೇಳಿಸಿತೆಂದು ನಾಗಪುರದ ಯಾತ್ರಿಕರ ಬಸ್ಸು ಹತ್ತಿಬಿಟ್ಟ. ನಾವು ಗುಡಿಯ ಹತ್ತಿರದ ಕೆರೆಯ ಸುತ್ತ ಅವನ ಹೆಸರು ಕೂಗುತ್ತಿದ್ದರೆ, ಅವನು ಒಳಗೆ ಯಾರದೋ ಅಜ್ಜಿಯ ಭಕ್ರಿ, ಮೆಣಸಿನಕಾಯಿ ಠೇಚಾ ತಿನ್ನುತ್ತ ಕೂತಿದ್ದ.

ಲುಂಬಿನಿ ದೊಡ್ಡದು. ಒಂದೊಂದು ದೇಶದವರು ಒಂದೊಂದು ಗುಡಿ ಕಟ್ಟಿಸಿದ್ದಾರೆ, ಒಂದು ಬಂಗಾರದ ಬಣ್ಣ, ಇನ್ನೊಂದು ಅಚ್ಚ ಬಿಳಿ. ಅಶೋಕನ ಕಂಬವಿದೆ. ಮರದಿಂದ ಮರಕ್ಕೆ ಬಣ್ಣಬಣ್ಣದ ಬಟ್ಟೆ ಕಟ್ಟಿದ ಹಗ್ಗಗಳಿವೆ. ಬುದ್ಧ ಹುಟ್ಟಿದ ಜಾಗದಲ್ಲಿ ಅವನ ತಾಯಿಯ ಗುಡಿ. ಒಳಗೆ ಹಳೆಯ ಕಲ್ಲಿನಲ್ಲಿ ಮಾಯಾದೇವಿ ಮರದ ಕೊಂಬೆ ಹಿಡಿದು ನಿಂತಿದ್ದಾಳೆ. ಮುಖ ಸವೆದುಹೋಗಿದೆ, ಆದರೂ ಹೆರಿಗೆ ನೋವಿನ ಹೆಂಗಸೆಂದು ಗೊತ್ತಾಗುತ್ತದೆ. ನನಗೆ ನಿನ್ನ ಮಾತು ನೆನಪಾಯಿತು. ಹೊರಡುವ ಮೊದಲು ಅಡಿಗೆಮನೆಯ ಬಾಗಿಲು ಮುಂದೆ ಮಾಡಿ, ಹಸಿರು ಖಣ, ಕಾಯಿ, ಅಕ್ಕಿ, ಅರಿಶಿನ ಕೊಂಬು, ಉತ್ತತ್ತಿ ಕಟ್ಟಿಕೊಟ್ಟೆಯಲ್ಲ. "ಹಡದ ವಾರದಾಗೇ ಸತ್ತಾಳಂತ ಆಕಿ. ಬಾಣಂತಿ ಉಡಿ ಯಾರೂ ತುಂಬಿರಂಗಿಲ್ಲ. ನೀ ತುಂಬು. ನಾ ಕೊಟ್ಟೀನಂತ ಮಾತ್ರ ಹೇಳಬ್ಯಾಡ" ಎಂದಿದ್ದೆ.

ಹೇಳಿದೆ ಅವ್ವಾ. ಕಟಾಂಜನದ ಹತ್ತಿರ ಬಗ್ಗಿ ಖಣ ಬಿಚ್ಚಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಇದು ನಮ್ಮವ್ವ ತುಂಬಿದ ಉಡಿ." ಅಲ್ಲಿ ಏನನ್ನೂ ಇಡಬಾರದಂತೆ, ನನಗೆ ಗೊತ್ತಿರಲಿಲ್ಲ. ಕಾವಲಿನ ಹೆಂಗಸು ಓಡಿಬಂದಳು. ಬೈಯುತ್ತಾಳೆ ಎಂದುಕೊಂಡೆ. ಯಾರು ಕೊಟ್ಟದ್ದೆಂದು ಹಿಂದಿಯಲ್ಲಿ ಕೇಳಿದಳು. ಹೇಳಿದೆ. ಉಡಿಯನ್ನು ಎತ್ತಿ, ಆ ಕಲ್ಲಿನ ಕಡೆಗೆ ಒಂದು ಗಳಿಗೆ ಹಿಡಿದು, ಕಣ್ಣಿಗೊತ್ತಿಕೊಂಡು ನನ್ನ ಕೈಗೆ ಕೊಟ್ಟಳು. "ಪ್ರಸಾದ್ ಹೈ. ಮಾಂ ಕೋ ದೇನಾ" ಎಂದಳು, ನಿನಗೆ ಕೊಡಬೇಕಂತೆ. ನನಗೆ ಅಳು ತಡೆಯಲಾಗಲಿಲ್ಲ.

ಉಮಾಕಾಂತ ಸರ್ ಮಾತ್ರ ಕೆಂಡವಾದರು. "ಪರದೇಶಕ್ಕ ಬಂದು ಕಾಲೇಜಿನ ಇಜ್ಜತ್ ತಗದಿ. ಮಾಫಿ ಬರದು ಕೊಡು" ಎಂದರು. ಇಡಬಾರದ ಕಡೆ ಇಟ್ಟದ್ದು ತಪ್ಪು, ಅದನ್ನು ಆ ಕಾವಲಿನವಳ ಹತ್ತಿರವೇ ಕೈಮುಗಿದು ಹೇಳಿದ್ದೇನೆ. ಉಡಿ ತುಂಬಿದ್ದಕ್ಕೆ ಮಾಫಿ ಕೇಳುವುದಿಲ್ಲ ಎಂದೆ. ಇನ್ನೂ ಬರೆದುಕೊಟ್ಟಿಲ್ಲ, ಕೊಡುವುದೂ ಇಲ್ಲ.

ಗಡಿಯ ಈಚೆ ಬಂದೊಡನೆ ಮೀನಲ ಮೊಬೈಲಿನಲ್ಲಿ ಸ್ಟೇಟಸ್ ಇಟ್ಟಳು, ಸುದ್ದಿ ನನಗಿಂತ ಮೊದಲು ಔರಾದ ಮುಟ್ಟಿತು. ಮೊನ್ನೆ ಕಾಕಾ ಫೋನ್ ಮಾಡಿದ್ದರು. "ಗಂಡ ಸತ್ತಾಕಿ ಕೈಯಾಗಿನ ಉಡಿ ದೇವರಿಗೆ ಕೊಡ್ತಾರೇನು? ಸೋಮವಾರ ಕುಬಸದಾಗ ನಿಮ್ಮವ್ವ ಅಡಗಿಮನಿ ಬಿಟ್ಟು ಹೊರಗ ಬರಬಾರದು. ತ್ರಿವೇಣಿ ಉಡಿ ನಿಮ್ಮ ಕಾಕು ತುಂಬತಾಳ" ಎಂದರು. ನಾನು ಶರಣು ಎಂದು ಫೋನಿಟ್ಟೆ, ಅವರು ಹೆದರಿದಳೆಂದು ತಿಳಿದಿರಬೇಕು. ನಿನ್ನ ಕೊರಳಲ್ಲಿರುವುದೂ ಲಿಂಗ, ಮಲಕಮ್ಮ ಕಾಕುವಿನ ಕೊರಳಲ್ಲಿರುವುದೂ ಲಿಂಗ. ಅಪ್ಪ ತೀರಿಕೊಂಡ ದಿನ ಬಳೆ ತೆಗೆಸಿದರು, ಲಿಂಗ ತೆಗೆಸಲಿಲ್ಲ. ದಿನಾ ಲಿಂಗ ಪೂಜಿಸುವ ಕೈ ಹೆತ್ತ ಮಗಳ ಉಡಿಗೆ ಅಕ್ಕಿ ಹಾಕಲು ಹೇಗೆ ಬಾರದಾಯಿತು? ಕುಬಸದ ಹೋಳಿಗೆಗೆ ಹೂರಣ ರುಬ್ಬಲು ಆ ಕೈ ನಡೆಯುತ್ತದೆ! ನನಗೆ ಬಹಳ ಸಿಟ್ಟು ಬಂದಿದೆ ಅವ್ವಾ, ನಿನಗೂ ಬರಲಿ ಎಂದೇ ಇಷ್ಟು ಬರೆದೆ.

ಸ್ವೆಟರ್ ಹಾಕಿಕೋ. ಕಾಕಾ, ಕಾಕುವಿಗೆ ನನ್ನ ಶರಣು ತಿಳಿಸು. ಸಿಟ್ಟು ಬೇರೆ, ಶರಣು ಬೇರೆ.

ನಿನ್ನ ಹಟಮಾರಿ ಮಗಳು,
ಶುಭಾಂಗಿ

ತಾ.ಕ.: ಮೀನಲ ಊರಿಗೆ ಹೊರಟು ನಿಂತಿದ್ದಾಳೆ, ಅವಳ ಕೈಯಲ್ಲೇ ಈ ಕಾಗದ. ಆ ಕಾಯಿ, ಆ ಹಸಿರು ಖಣ ನನ್ನ ಪೆಟ್ಟಿಗೆಯಲ್ಲಿವೆ. ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ಬಂದವಳೇ ಎಲ್ಲರೆದುರಿಗೆ ನಿನ್ನ ಉಡಿ ತುಂಬುತ್ತೇನೆ. ಪ್ರಸಾದ ಬೇಡ ಎನ್ನುವ ಧೈರ್ಯ ಕಾಕಾನಿಗೂ ಇಲ್ಲ. ಆಮೇಲೆ ಅಕ್ಕನ ಉಡಿಗೆ ಮೊದಲ ಹಿಡಿ ಅಕ್ಕಿ ನಿನ್ನದು. ಅವಳನ್ನು ಕೇಳಿದ್ದೇನೆ, "ಅವ್ವ ತುಂಬದಿದ್ರ ನಾ ಮಣಿ ಮ್ಯಾಲ ಕೂಡಂಗಿಲ್ಲ" ಎಂದಿದ್ದಾಳೆ. ನಿನ್ನ ಕೆಲಸ ಇಷ್ಟೇ: ಅಡಿಗೆಮನೆಯಿಂದ ಹೊರಗೆ ಬಂದು ಸೆರಗೊಡ್ಡು.