ಖಾಲಿ ಕುರ್ಚಿಯ ಒಪ್ಪಿಗೆ

ನಗರಸಭೆಯ ಕಾರ್ಯದರ್ಶಿಗಳೇ,

ಕಳೆದ ತಿಂಗಳ ಸಾಮಾನ್ಯ ಸಭೆಯಲ್ಲಿ ಒಂದು ಖಾಲಿ ಕುರ್ಚಿ ನಮ್ಮ ವಾರ್ಡಿನ ಶಿಶುವಿಹಾರವನ್ನು ಮುಚ್ಚಲು ಒಪ್ಪಿಗೆ ಕೊಟ್ಟಿತು. ಆ ಕುರ್ಚಿ ನಮ್ಮದೇ ವಾರ್ಡಿನದು. ಅದರಲ್ಲಿ ಕೂರುತ್ತಿದ್ದ ಸದಸ್ಯೆ ತೀರಿಕೊಂಡು ನಾಲ್ಕು ತಿಂಗಳಾಗಿದೆ. ಈ ಮಾತುಗಳಲ್ಲಿ ತಪ್ಪೇನಾದರೂ ಇದ್ದರೆ ದಯವಿಟ್ಟು ತಿದ್ದಿ. ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ನನ್ನದನ್ನು ಬೇರೆಯವರು ತಿದ್ದಿದರೆ ನನಗೆ ಬೇಸರವಿಲ್ಲ.

ಈ ಪತ್ರ ಬಹಿರಂಗವಾದ್ದರಿಂದ, ನಿಮಗೆ ಗೊತ್ತಿರುವುದನ್ನು ಉಳಿದವರಿಗಾಗಿ ಹೇಳಬೇಕಾಗಿದೆ. ನಿಮ್ಮ ಸಭಾಂಗಣದಲ್ಲಿ ಹದಿನೇಳು ಕುರ್ಚಿಗಳಿವೆ. ಯಾವುದೇ ಪ್ರಸ್ತಾವ ಬಂದಾಗ ವಿರೋಧ ಇರುವವರು ಮಾತ್ರ ಕೈ ಎತ್ತುತ್ತಾರೆ. ಕುರ್ಚಿಗಳ ಲೆಕ್ಕದಿಂದ ಕೈಗಳ ಲೆಕ್ಕವನ್ನು ಕಳೆದು, ಉಳಿದದ್ದೆಲ್ಲ ಒಪ್ಪಿಗೆ ಎಂದು ನೀವು ಬರೆದುಕೊಳ್ಳುತ್ತೀರಿ. ಒಪ್ಪಿದವರು ಕೈ ನೋಯಿಸಿಕೊಳ್ಳಬೇಕಾಗಿಲ್ಲ ಎಂಬ ಕಾಳಜಿ ಇದರಲ್ಲಿ ಇರಬಹುದು. ಸದಸ್ಯರೊಬ್ಬರು ರಜೆಯ ಪತ್ರ ಕಳಿಸಿದರೆ ಅಟೆಂಡರ್ ಅವರ ಕುರ್ಚಿಯನ್ನು ಎತ್ತಿ ಕಿಟಕಿಯ ಕೆಳಗೆ ಗೋಡೆಗೆ ಒತ್ತಿ ಇಡುತ್ತಾರೆ. ಆಗ ಆ ಕುರ್ಚಿ ಲೆಕ್ಕಕ್ಕಿಲ್ಲ. ಇಷ್ಟು ವರ್ಷ ಈ ಪದ್ಧತಿಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ, ಏಕೆಂದರೆ ಅಧಿಕಾರದಲ್ಲಿರುವಾಗ ಯಾರೂ ತೀರಿಕೊಂಡಿರಲಿಲ್ಲ.

ನಮ್ಮ ಸದಸ್ಯೆಯನ್ನು ವಾರ್ಡಿನಲ್ಲಿ ಎಲ್ಲರೂ ನರ್ಸಮ್ಮ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಯ ಕೆಲಸದಿಂದ ನಿವೃತ್ತರಾದ ಮೇಲೆ ಚುನಾವಣೆಗೆ ನಿಂತು ಎರಡು ಸಲ ಗೆದ್ದವರು. ದೂರು ಹೇಳಲು ಮನೆಗೆ ಹೋದವರ ತೋಳಿಗೆ ಮೊದಲು ಪಟ್ಟಿ ಸುತ್ತಿ ರಕ್ತದೊತ್ತಡ ನೋಡುತ್ತಿದ್ದರು, ಆಮೇಲೆ ದೂರು ಕೇಳುತ್ತಿದ್ದರು. ಒತ್ತಡ ಹೆಚ್ಚಿದ್ದರೆ ದೂರನ್ನು ಮರುದಿನಕ್ಕೆ ಮುಂದೂಡುತ್ತಿದ್ದರು. ಮೊದಲ ಸಲ ಗೆದ್ದಾಗ ನಗರಸಭೆಯ ಹಳೆಯ ಗೋದಾಮಿಗೆ ಸುಣ್ಣ ಹೊಡೆಸಿ ಶಿಶುವಿಹಾರ ಮಾಡಿಸಿದ್ದು ಅವರೇ. ಬ್ರೆಡ್ ಕಾರ್ಖಾನೆಯ ಮೊದಲ ಪಾಳಿಗೆ ಹೋಗುವ ತಾಯಂದಿರಿಗಾಗಿ ಅದು ಬೆಳಕು ಹರಿಯುವ ಹೊತ್ತಿಗೇ ಬಾಗಿಲು ತೆರೆಯಬೇಕೆಂದು ಹಟ ಹಿಡಿದು ಸಾಧಿಸಿದ್ದೂ ಅವರೇ. ಅವರ ಹಟದ ಪರಿಚಯ ನಿಮಗೆ ನನಗಿಂತ ಚೆನ್ನಾಗಿರಬೇಕು.

ಆ ತಾಯಂದಿರಲ್ಲಿ ನನ್ನ ಅಕ್ಕ ಒಬ್ಬಳು. ಈ ವರ್ಷ ಅವಳನ್ನು ಮೊದಲ ಪಾಳಿಯ ಮೇಲ್ವಿಚಾರಕಿಯನ್ನಾಗಿ ಮಾಡಿದ್ದಾರೆ. ಭಾವ ಲಾರಿ ಓಡಿಸುತ್ತಾರೆ, ಮನೆಯಲ್ಲಿರುವುದಕ್ಕಿಂತ ರಸ್ತೆಯಲ್ಲಿರುವುದೇ ಹೆಚ್ಚು. ಅಮ್ಮನಿಗೆ ಮಂಡಿನೋವು, ನಡೆಯಲು ಕಲಿತ ಮಗುವಿನ ಹಿಂದೆ ಓಡಲಾರರು. ನೀವು ತೋರಿಸಿರುವ ಬದಲಿ ಶಿಶುವಿಹಾರ ರೈಲು ಹಳಿಯ ಆಚೆಗಿದೆ ಮತ್ತು ಒಂಬತ್ತಕ್ಕೆ ತೆರೆಯುತ್ತದೆ. ಒಂಬತ್ತರ ಹೊತ್ತಿಗೆ ಅಕ್ಕನ ಬ್ರೆಡ್ಡು ಅಂಗಡಿಗಳಲ್ಲಿ ಇರುತ್ತದೆ.

ಸಭೆಯ ದಿನ ಪ್ರೇಕ್ಷಕರ ಬೆಂಚಿನಲ್ಲಿ ಅಕ್ಕ, ನಾನು, ನನ್ನ ತೊಡೆಯ ಮೇಲೆ ಅವಳ ಮಗಳು ಕೂತಿದ್ದೆವು. ಶಿಶುವಿಹಾರ ಮುಚ್ಚುವ ಪ್ರಸ್ತಾವ ಬಂತು. ಎಂಟು ಕೈಗಳು ಮೇಲೆದ್ದವು. ಕೂತಿದ್ದ ಸದಸ್ಯರು ಹದಿನಾರು. ಸಮಸಮವಾದರೆ ಪ್ರಸ್ತಾವ ಬಿದ್ದುಹೋಗುತ್ತದೆ ಎಂಬುದು ನಿಮ್ಮದೇ ನಿಯಮ. ಅಕ್ಕ ನನ್ನ ಮೊಣಕೈ ಹಿಂಡಿ, "ಉಳೀತು ಕಣೋ" ಅಂದಳು. ಅಷ್ಟರಲ್ಲಿ ನೀವು ಎದ್ದು ನಿಂತು, "ವಿರೋಧ ಎಂಟು, ಒಪ್ಪಿಗೆ ಒಂಬತ್ತು" ಎಂದು ಓದಿದಿರಿ.

ಸಭೆ ಮುಗಿದ ಮೇಲೆ ಅಕ್ಕ ಅಟೆಂಡರ್ ಹತ್ತಿರ ಹೋದಳು. ಅವರು ಲೋಟಗಳನ್ನು ಒಟ್ಟುಮಾಡುತ್ತಿದ್ದರು.

"ಅಣ್ಣಾ, ಆ ಕುರ್ಚಿ ಯಾಕೆ ಅಲ್ಲೇ ಇದೆ?"

"ಯಾವುದಮ್ಮ?"

"ನರ್ಸಮ್ಮಂದು."

"ರಜೆ ಪತ್ರ ಬಂದ್ರೆ ತೆಗೀತೀನಿ. ಬಂದಿಲ್ಲ."

"ಅವರು ಹೋಗಿರೋ ಕಡೆಯಿಂದ ಪತ್ರ ಬರಲ್ಲ ಅಣ್ಣಾ."

"ಅದು ನಂಗೂ ಗೊತ್ತಮ್ಮ. ಮಣ್ಣಿಗೆ ನಾನೂ ಹೋಗಿದ್ದೆ. ಆದ್ರೆ ನಾನಾಗಿ ನಾನು ಕುರ್ಚಿ ಮುಟ್ಟಿದ್ರೆ ನನ್ನನ್ನೇ ಗೋಡೆಗೆ ಒತ್ತಿ ಇಡ್ತಾರೆ."

ಅಟೆಂಡರ್ ಮೇಲೆ ನಮಗೆ ಸಿಟ್ಟಿಲ್ಲ. ಅವರು ನಮ್ಮನ್ನು ಮುಖ್ಯ ಗುಮಾಸ್ತರ ಬಳಿಗೆ ಕಳಿಸಿದರು, ಗುಮಾಸ್ತರು ನಿಮ್ಮ ಬಳಿಗೆ ಕಳಿಸಿದರು. ನೀವು ನಮ್ಮನ್ನು ಕೂರಿಸಿ, ಮಗುವಿನ ಕೈಗೆ ಒಂದು ರಬ್ಬರ್ ಸ್ಟಾಂಪು ಕೊಟ್ಟು, ಸಮಾಧಾನದಿಂದ ವಿವರಿಸಿದಿರಿ. ಸ್ಥಾನ ತೆರವಾಗಿದೆ ಎಂದು ಸಭೆ ನಿರ್ಣಯ ಮಾಡುವವರೆಗೆ ಅದು ತೆರವಾದಂತಲ್ಲ. ಒಂದು ವಾರ್ಡಿನ ಸ್ಥಾನಕ್ಕೆ ಸಂಬಂಧಿಸಿದ ನಿರ್ಣಯವನ್ನು ಆ ವಾರ್ಡಿನ ಸದಸ್ಯರೇ ಮಂಡಿಸುವುದು ವಾಡಿಕೆ. ಆ ವಾರ್ಡಿನ ಸದಸ್ಯರು ಈವರೆಗೆ ಮಂಡಿಸಿಲ್ಲ.

ಅಕ್ಕ, "ಅವರು ಬಂದು ನಾನು ಸತ್ತಿದೀನಿ ಅಂತ ಹೇಳಬೇಕಾ ಸಾರ್?" ಎಂದು ಕೇಳಿದಳು. ನೀವು, "ವಾಡಿಕೆ ಹಾಗಿದೆಯಮ್ಮ" ಎಂದಿರಿ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಸಾಹಿತ್ಯದಲ್ಲಿ ಪದವಿ ಪಡೆಯಲು ನಾನು ಸಾಕಷ್ಟು ಓದಿದ್ದೇನೆ. ಇಷ್ಟು ಚೊಕ್ಕಟವಾದ ಬಿಕ್ಕಟ್ಟನ್ನು ಎಲ್ಲೂ ಓದಿರಲಿಲ್ಲ. ನಾಚಿಕೆ ಸ್ವಭಾವದಿಂದಾಗಿ ಅಲ್ಲಿ ಒಂದೂ ಮಾತಾಡದೆ ಬಂದೆ. ನಿಮ್ಮ ಪದ್ಧತಿಯ ಪ್ರಕಾರ ನಾನೂ ಒಪ್ಪಿದಂತಾಯಿತು. ಹಾಗಾಗಿ ಈಗ ಬರೆಯುತ್ತಿದ್ದೇನೆ.

ಪತ್ರಿಕೆಯವರು ಬಂದು ಕೇಳಿದ ಮೇಲೆ, ಸ್ಥಾನವನ್ನು ಹೇಗೆ ತುಂಬಬಹುದೆಂದು ನಗರಸಭೆ ಯೋಚಿಸುತ್ತಿದೆ ಎಂಬ ಸುದ್ದಿ ಹೊರಬಿತ್ತು. ಯೋಚನೆಗಳು ಒಂದೊಂದಾಗಿ ನಮ್ಮ ಬೀದಿಗೂ ತಲುಪಿದವು.

ಮೊದಲು ತಲುಪಿದ್ದು ನರ್ಸಮ್ಮನ ಅಳಿಯ. ಅವರನ್ನು ನೇಮಿಸಿದರೆ ಮೃತರಿಗೆ ಗೌರವ ಸಲ್ಲಿಸಿದಂತಾಗುತ್ತದೆ ಎಂದು ಸಭೆಯ ಹಿರಿಯರು ಹೇಳಿದರಂತೆ. ಅಳಿಯ ಇರುವುದು ಬೇರೆ ಊರಿನಲ್ಲಿ. ಅತ್ತೆಯ ಸಾಮಾನು ಸಾಗಿಸಲು ಬಂದಿದ್ದ ಅವರು ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತಾ, "ನಾನು ಬಂದಿದ್ದು ಅತ್ತೆ ಮನೆ ಕೀಲಿಗೆ. ಇವರು ಕುರ್ಚಿ ಕೊಡ್ತೀವಿ ಅಂತಿದಾರೆ" ಎಂದರು. ಒಳ್ಳೆಯ ಮನುಷ್ಯ. ದುಃಖದಲ್ಲಿದ್ದರು. ಆದರೆ ನರ್ಸಮ್ಮ ಬಿಟ್ಟುಹೋದ ಕಪಾಟು, ಹೊಲಿಗೆಯಂತ್ರ, ರಕ್ತದೊತ್ತಡದ ಉಪಕರಣ ಅವರ ಮನೆಯವರಿಗೆ ಸೇರುತ್ತವೆ. ಸಭೆಯ ಸ್ಥಾನ ಆ ಸಾಮಾನುಗಳ ಜೊತೆ ಲಾರಿ ಹತ್ತುವಂಥದ್ದೇ? ಅದನ್ನು ನಾವು ಅವರಿಗೆ ಐದು ವರ್ಷಕ್ಕೆಂದು ಕೈಗೆ ಕೊಟ್ಟಿದ್ದೆವು. ಅವರ ಕೈ ಇಲ್ಲವಾದಾಗ ಅದು ನಮ್ಮಲ್ಲಿಗೆ ವಾಪಸು ಬರಬೇಕಲ್ಲವೇ?

ಆಮೇಲೆ ಝೆರಾಕ್ಸ್ ಅಂಗಡಿಯವರ ಹೆಸರು ಬಂತು. ಕಳೆದ ಚುನಾವಣೆಯಲ್ಲಿ ನರ್ಸಮ್ಮನ ಎದುರು ಸೋತವರು ಇವರು. ಸೋತವರಲ್ಲಿ ಮೊದಲಿಗರನ್ನು ಕೂರಿಸಿದರೆ ಖರ್ಚೂ ಇಲ್ಲ, ತಡವೂ ಇಲ್ಲ ಎಂಬುದು ನಿಮ್ಮ ಕಚೇರಿಯ ಅಭಿಪ್ರಾಯವಂತೆ. ಅಂಗಡಿಯವರಿಗೂ ಅದು ಸರಿ ಕಂಡಿದೆ. ಅಕ್ಕ ಏನನ್ನೋ ನಕಲು ಮಾಡಿಸಲು ಹೋದಾಗ ಅವರೇ ಮಾತು ತೆಗೆದರು.

"ಎರಡನೇದಾಗಿ ಬಂದವನು ನಾನು. ಮೊದಲನೇದು ಹೋಯ್ತು. ಇನ್ಯಾರು ತಂಗೀ?"

"ಶಿಶುವಿಹಾರ ಒಡೆದು ಪಾರ್ಕಿಂಗ್ ಮಾಡಿಸ್ತೀನಿ ಅಂದಿದ್ರಲ್ಲ ಅಣ್ಣಾ?"

"ಈಗಲೂ ಅದನ್ನೇ ಅಂತೀನಿ. ನಾನು ಮಾತು ಬದಲಿಸೋನಲ್ಲ."

"ಅದಕ್ಕೇ ಓಟು ಹಾಕ್ಲಿಲ್ಲ. ನಾವೂ ಬದಲಿಸೋರಲ್ಲ."

ಅವರು ನಕ್ಕು ಎರಡೂ ಬದಿ ನಕಲು ತೆಗೆದುಕೊಟ್ಟರು. ಜಗಳವೇನೂ ಆಗಲಿಲ್ಲ. ಆದರೆ ಯೋಚಿಸಿ: ವಾರ್ಡಿನ ಹೆಚ್ಚಿನವರು ಬೇಡವೆಂದದ್ದು ನಿರ್ದಿಷ್ಟವಾಗಿ ಇವರನ್ನು ಮತ್ತು ಇವರ ಪಾರ್ಕಿಂಗನ್ನು. ಆಯ್ಕೆಯಾದವರು ತೀರಿಕೊಂಡರೆ, ನಿರಾಕರಿಸಿದ್ದನ್ನೇ ತಂದು ಬಡಿಸುವುದೇ? ಇದನ್ನು ನಿಯಮವನ್ನಾಗಿ ಮಾಡಿದರೆ ಇನ್ನೊಂದು ತೊಡಕಿದೆ. ಪ್ರತಿ ವಾರ್ಡಿನಲ್ಲೂ ಗೆದ್ದವರು ಕೆಮ್ಮಿದಾಗಲೆಲ್ಲ ಸೋತವರು ಇಸ್ತ್ರಿ ಮಾಡಿದ ಅಂಗಿ ತೆಗೆದಿಡುತ್ತಾರೆ. ಗೆದ್ದವರ ಆರೋಗ್ಯ ವಿಚಾರಿಸಲು ಬಂದವರನ್ನು ಮನೆಯವರು ನಂಬುವುದು ಹೇಗೆ?

ಸಭೆಯೇ ಯಾರನ್ನಾದರೂ ಆರಿಸಿಕೊಳ್ಳಲಿ ಎಂಬ ಮಾತೂ ಇದೆ. ಸಭೆ ಎಂಟು ಮತ್ತು ಎಂಟಾಗಿ ನಿಂತಿದೆ. ಯಾವ ಎಂಟು ಮಂದಿ ಮೊದಲು ಆರಿಸುತ್ತಾರೋ ಅವರು ಒಂಬತ್ತಾಗುತ್ತಾರೆ. ಹಾಗೆ ಬಂದ ಸದಸ್ಯರು ತಮ್ಮನ್ನು ತಂದವರ ಮುಖ ನೋಡಿ ಕೈ ಎತ್ತುತ್ತಾರೆಯೇ ಹೊರತು ನಮ್ಮ ಬೀದಿಯ ಕಡೆ ತಿರುಗಿಯೂ ನೋಡುವುದಿಲ್ಲ, ನೋಡಬೇಕಾದ ಕಾರಣವೂ ಇರುವುದಿಲ್ಲ. ಚೀಟಿ ಎತ್ತಿ ಆರಿಸುವುದು ಇದಕ್ಕಿಂತ ಮೇಲು. ಚೀಟಿಗೆ ಯಾರ ಹಂಗೂ ಇಲ್ಲ. ಆದರೆ ಹಂಗಿಲ್ಲದ್ದು ಉತ್ತರ ಹೇಳಬೇಕಾಗಿಯೂ ಇಲ್ಲ.

ಉಳಿದದ್ದು ಉಪಚುನಾವಣೆ. ಅದಕ್ಕೆ ನಿಮ್ಮ ಆಕ್ಷೇಪ, ಅವಧಿ ಮುಗಿಯಲು ಒಂದೂವರೆ ವರ್ಷ ಮಾತ್ರ ಬಾಕಿಯಿದೆ, ಅಷ್ಟಕ್ಕೆ ಯಾಕೆ ಇಷ್ಟೊಂದು ಎಂಬುದು. ನನ್ನ ಅಕ್ಕನ ಮಗಳ ವಯಸ್ಸು ಒಂದೂವರೆ ವರ್ಷ. ಈ ಅಲ್ಪ ಅವಧಿಯಲ್ಲಿ ಅವಳು ಮಗುಚಿಕೊಳ್ಳುವುದು, ತೆವಳುವುದು, ನಿಲ್ಲುವುದು, ಬಿದ್ದು ಏಳುವುದು, ಬೇಡ ಎನ್ನುವುದು, ಇಷ್ಟನ್ನೂ ಕಲಿತಿದ್ದಾಳೆ. ಕೊನೆಯದನ್ನು ಕಲಿಯಲು ನಿಮ್ಮ ಸಭೆಯ ಅರ್ಧದಷ್ಟು ಮಂದಿಗೆ ಐದು ವರ್ಷ ಸಾಲುತ್ತಿಲ್ಲ. ಹಾಗಾಗಿ ಒಂದೂವರೆ ವರ್ಷ ಸಣ್ಣದೆಂದು ನನಗೆ ಅನಿಸುವುದಿಲ್ಲ. ಅಷ್ಟರಲ್ಲಿ ಒಂದು ಶಿಶುವಿಹಾರವನ್ನು ಮುಚ್ಚಬಹುದೆಂದು ನೀವೇ ತೋರಿಸಿದ್ದೀರಿ.

ಉಪಚುನಾವಣೆಯಲ್ಲಿ ನಮ್ಮ ಪರವಾದವರೇ ಗೆಲ್ಲುತ್ತಾರೆಂದು ನಾನು ಹೇಳಲಾರೆ. ಜನರ ಮನಸ್ಸು ಬದಲಾಗಿರಬಹುದು, ಕಾರುಗಳು ಹೆಚ್ಚಾಗಿವೆ. ಝೆರಾಕ್ಸ್ ಅಂಗಡಿಯವರೇ ಗೆದ್ದರೆ ನಾನು ಹೋಗಿ ಅಭಿನಂದಿಸುತ್ತೇನೆ. ಅಕ್ಕ ಬರುವುದಿಲ್ಲ. ಆದರೂ ಅವರು ಶಿಶುವಿಹಾರದ ವಿರುದ್ಧ ಮತ ಹಾಕಿದರೆ ಅದು ನಾವು ಮಾಡಿಕೊಂಡದ್ದು. ಮುಂದಿನ ಚುನಾವಣೆಯಲ್ಲಿ ಅವರ ಮುಖ ನೋಡಿ ಮಾತಾಡಬಹುದು. ಕುರ್ಚಿಯ ಜೊತೆ ಮಾತಾಡುವುದು ಹೇಗೆ?

ಈಗ ಮನೆಯ ಸುದ್ದಿ. ತಿಂಗಳ ಕೊನೆಗೆ ಶಿಶುವಿಹಾರಕ್ಕೆ ಬೀಗ ಬೀಳುತ್ತದೆ. ಮೊದಲ ಪಾಳಿಗೆ ಇನ್ನು ಬರಲಾಗದು ಎಂದು ಅಕ್ಕ ಕಾರ್ಖಾನೆಯಲ್ಲಿ ಹೇಳಿ ಬಂದಿದ್ದಾಳೆ. ಆ ಸಂಜೆ ಅವಳು ಮಗುವಿನ ಬಟ್ಟೆ ಮಡಿಸುತ್ತಿದ್ದಳು. "ಬೇಕಾದ್ರೆ ಪ್ಯಾಕಿಂಗಿಗೆ ಹಾಕ್ತಾರಂತೆ, ಮಧ್ಯಾಹ್ನದ ಮೇಲೆ. ಓವನ್ ಕಡೆ ಇನ್ನು ನಾನಿಲ್ಲ" ಎಂದಳು. ಆ ಕೆಲಸಕ್ಕೆ ತಲುಪಲು ಅವಳಿಗೆ ಎಂಟು ವರ್ಷ ಹಿಡಿದಿತ್ತು. ನಾನು ಏನೋ ಹೇಳಲು ಹೊರಟೆ. ಅವಳು, "ನಂಗೆ ಹೇಳಬೇಡ. ನಂಗೆ ಗೊತ್ತು. ಅವರಿಗೆ ಹೇಳು" ಎಂದಳು.

ಹೇಳುತ್ತಿದ್ದೇನೆ. ಅಕ್ಕ ಹೇಳಿ ಬಂದ ಮರುದಿನವೇ ಕಾರ್ಖಾನೆಯವರು ಅವಳ ಜಾಗ ಖಾಲಿಯಿದೆ ಎಂದು ಗೇಟಿನಲ್ಲಿ ಪ್ರಕಟಣೆ ಹಚ್ಚಿದರು. ಆ ಕೆಲಸಕ್ಕೆ ಬರಲಿಚ್ಛಿಸಿದ ಮೂವರಿಗೆ ಒಂದೊಂದು ದಿನ ಪಾಳಿ ನಡೆಸಲು ಬಿಟ್ಟರು. ಯಾರ ಕೈಕೆಳಗೆ ಕೆಲಸ ಮಾಡುತ್ತೀರಿ ಎಂದು ಓವನ್ ಬಳಿಯ ಹೆಂಗಸರನ್ನೇ ಕೇಳುತ್ತಿದ್ದಾರೆ. ಅಕ್ಕನಿಗೆ ಪದವೀಧರ ತಮ್ಮನೊಬ್ಬನಿದ್ದಾನೆ, ಅವನನ್ನು ಗೌರವಾರ್ಥ ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ. ಅವಳ ಬಿಳಿ ಟೋಪಿಯನ್ನು ಮೊಳೆಗೆ ತೂಗುಹಾಕಿ, ಟೋಪಿ ಇರುವುದರಿಂದ ಪಾಳಿ ನಡೆಯುತ್ತಿದೆ ಎಂದೂ ಬರೆದುಕೊಳ್ಳಲಿಲ್ಲ. ಹಾಗೆ ಮಾಡಿದರೆ ಮರುದಿನ ಊರಿಗೆ ಬ್ರೆಡ್ಡು ಇರುವುದಿಲ್ಲವೆಂದು ಅವರಿಗೆ ಗೊತ್ತು. ಮುಂದಿನ ಸೋಮವಾರ ಅವಳ ಜಾಗಕ್ಕೆ ಒಬ್ಬರು ಬರುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಈ ವಾರವೇ ಆ ಕುರ್ಚಿಯನ್ನು ಗೋಡೆಯ ಬದಿಗೆ ಇಡಿಸಿ. ಅದರ ಒಪ್ಪಿಗೆಯನ್ನು ತೆಗೆದುಹಾಕಿ, ಎಂಟಕ್ಕೆ ಎಂಟು ಎಂದು ತಿದ್ದಿ ಓದಿ. ಉಪಚುನಾವಣೆಯ ದಿನ ಗೊತ್ತುಮಾಡಿ, ಆ ದಿನದವರೆಗೆ ನಮ್ಮ ವಾರ್ಡಿನಿಂದ ಏನನ್ನೂ ಕಿತ್ತುಕೊಳ್ಳಬೇಡಿ. ಇದೆಲ್ಲಕ್ಕೂ ನಿಮಗೆ ಸೋಮವಾರದವರೆಗೆ ಸಮಯವಿದೆ. ಅಕ್ಕ ತನ್ನ ಮಾತನ್ನು ಹಿಂದಕ್ಕೆ ಪಡೆಯಲು ಕಾರ್ಖಾನೆಯವರು ಕೊಟ್ಟಿರುವ ಸಮಯವೂ ಅದೇ.

ಇಂತಿ,
ಸದ್ಯಕ್ಕೆ ಯಾರ ಮೂಲಕವೂ ಅಲ್ಲದೆ
ತಾನೇ ಬರೆಯಬೇಕಾಗಿ ಬಂದಿರುವ
ವಾರ್ಡಿನ ಒಬ್ಬ ಮತದಾರ